ಮಲೆನಾಡಿನ ಜಾಗ: ಬೆಟ್ಟ ಹಾಗೇ ಬಿಡೋದಾ, ಅಕೇಶಿಯಾ ಹಾಕೋದಾ, ಅಡಿಕೆ ಮಾಡೋದಾ, ರೆಸಾರ್ಟಿಗೆ ಕೊಡೋದಾ?

ಮಲೆನಾಡಲ್ಲಿ ನಾಲ್ಕಾರು ಎಕರೆ ಇರೋ ಮನೆಗಳಲ್ಲಿ ಈಗ ನಡೀತಿರೋ ಮಾತು ಒಂದೇ, ಈ ಜಾಗ ಏನ್ ಮಾಡೋದು ಅಂತ. ಗದ್ದೆ ಮಾಡೋಕೆ ಆಳಿಲ್ಲ, ಮಕ್ಕಳು ಬೆಂಗಳೂರಲ್ಲಿದಾರೆ, ಅಡಿಕೆ ರೇಟ್ ನೋಡಿ ಪಕ್ಕದೋರು ಗದ್ದೆಗೆ ಮಣ್ಣು ಹೊಡ್ಸಿ ಸಸಿ ನೆಟ್ಟಿದಾರೆ, ಇನ್ನೊಬ್ರು ಬ್ಯಾಣಕ್ಕೆಲ್ಲಾ (ದನ ಮೇಯೋ ಹುಲ್ಲುಗಾವಲಿಗೆ) ಅಕೇಶಿಯಾ ಹಾಕಿ ಆರಾಮಾಗಿದಾರೆ, ಮತ್ತೊಬ್ರು ಹೋಮ್‌ಸ್ಟೇ ಮಾಡೋರಿಗೆ ಮಾರೇಬಿಟ್ರು. ಯಾವ್ದು ಒಳ್ಳೇದು ಅಂತ ಕೇಳಿದ್ರೆ ಎಲ್ರೂ ಎಕರೆಗೆ ವರ್ಷಕ್ಕೆ ಎಷ್ಟು ಬರುತ್ತೆ ಅನ್ನೋ ಲೆಕ್ಕನೇ ಹೇಳ್ತಾರೆ. ಆ ಲೆಕ್ಕ ಬೇಕೇ ಬೇಕು, ದುಡ್ಡಿಲ್ದೆ ಯಾರೂ ಜಾಗ ಉಳಿಸ್ಕೊಳ್ಳೋಕಾಗಲ್ಲ. ಆದ್ರೆ ಅದ್ರಲ್ಲಿ ಸೇರದೇ ಇರೋ ದೊಡ್ಡ ಮೊತ್ತ ಒಂದಿದೆ. ನಾವು ಕೈ ಹಾಕ್ದೆ ಇದ್ದಾಗ್ಲೂ ಜಾಗ ಮಾಡ್ಕೊಡ್ತಿದ್ದ ಕೆಲಸ, ಅಂದ್ರೆ ನೀರು ಇಂಗಿಸೋದು, ಮಣ್ಣು ಹಿಡ್ಕೊಳ್ಳೋದು, ಸೊಪ್ಪು, ದರಕು (ಉದುರಿದ ಒಣ ಎಲೆ) ಕೊಡೋದು, ಜೇನಿಗೆ ಹೂ ಕೊಡೋದು. ಜಾಗದ ಬಳಕೆ ಬದಲಾದಾಗ ಮೊದ್ಲು ಏಟು ಬೀಳೋದು ಇದಕ್ಕೆ, ಮತ್ತೆ ಅದು ಕಾಣೋಕೆ ನಾಲ್ಕೈದು ವರ್ಷ ಬೇಕು. ಅದಕ್ಕೇ ಈ ಹೋಲಿಕೆಯಲ್ಲಿ ರೇಟಿಗಿಂತ ಆ ಕೆಲಸದ ಬಗ್ಗೆನೇ ಜಾಸ್ತಿ ಬರ್ದಿದೀನಿ.

ಈ ತರದ ಕೆಲಸಕ್ಕೆ ಬೆಲೆ ಕಟ್ಟೋಕಾಗುತ್ತಾ ಅಂದ್ರೆ, ಕಟ್ಟಿದಾರೆ. 1997ರಲ್ಲಿ ರಾಬರ್ಟ್ ಕೋಸ್ಟಾಂಜಾ ಮತ್ತವರ ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಇಡೀ ಭೂಮಿಯ ಕಾಡು, ಜೌಗು, ಹುಲ್ಲುಗಾವಲು, ಸಮುದ್ರ ಎಲ್ಲಾ ಸೇರಿ ವರ್ಷಕ್ಕೆ ಮಾಡೋ ಕೆಲಸಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಅಂತ ಲೆಕ್ಕ ಹಾಕಿದ್ರು. 2014ರಲ್ಲಿ ಅದೇ ಲೆಕ್ಕ ತಿದ್ದಿ, 1997ರಿಂದ 2011ರೊಳಗೆ ಭೂಬಳಕೆ ಬದಲಾಗಿದ್ದರಿಂದಲೇ ವರ್ಷಕ್ಕೆ 4.3ರಿಂದ 20.2 ಲಕ್ಷ ಕೋಟಿ ಡಾಲರ್ ನಷ್ಟ ಅಂತ ಹೇಳಿದ್ರು. ಎರಡು ಅಂಕಿ ಮಧ್ಯೆ ಅಷ್ಟೊಂದು ಅಂತರ ಯಾಕೆ ಅಂದ್ರೆ, ಒಂದು ಹೆಕ್ಟೇರಿಗೆ ಯಾವ ಬೆಲೆ ಹಿಡೀತೀರಿ ಅನ್ನೋದ್ರ ಮೇಲೆ ಎಲ್ಲಾ ನಿಂತಿರುತ್ತೆ. ನಮ್ಮ ದೇಶದಲ್ಲೂ ಅರಣ್ಯ ಭೂಮಿನ ಬೇರೆ ಕೆಲಸಕ್ಕೆ ಕೊಡುವಾಗ ಕಟ್ಟಿಸ್ಕೊಳ್ಳೋ ಮೊತ್ತ ಇದೆ, 2008ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ದರ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ, ಆಮೇಲೆ 2022ರಲ್ಲಿ ಏರಿಸಿದ್ರು. ಹಳೇ ದರದಲ್ಲಿ ಅತಿ ಒಳ್ಳೆ ಕಾಡಿಗೂ ಎಕರೆಗೆ ನಾಲ್ಕೂಕಾಲು ಲಕ್ಷ ಆಗುತ್ತೆ, ಅದೂ ಒಂದೇ ಸಲ.

ಇಂಥ ಸರಾಸರಿಗಳು ಸರ್ಕಾರಕ್ಕೆ, ಪಾಲಿಸಿ ಮಾಡೋರಿಗೆ ಉಪಯೋಗ ಆಗ್ತವೆ. ಮನೆಯಲ್ಲಿ ಕೂತು ನಿರ್ಧಾರ ಮಾಡೋರಿಗೆ ಸಾಲಲ್ಲ, ಯಾಕಂದ್ರೆ ಸರಾಸರಿಗೆ ನಿಮ್ಮ ಜಾಗ ಎಲ್ಲಿದೆ ಅಂತ ಗೊತ್ತಿರಲ್ಲ. ಗುಡ್ಡದ ನೆತ್ತಿಯಲ್ಲಿರೋ ಒಂದು ಎಕರೆ ಕಾಡು, ಅದರ ಕೆಳಗೆ ಇಪ್ಪತ್ತು ಮನೆ ಕುಡಿಯೋ ಅಬ್ಬಿ ನೀರು, ಅಂದ್ರೆ ಗುಡ್ಡದ ಒರತೆಯಿಂದ ಇಳಿದು ಬರೋ ನೀರು, ಇದೆ ಅಂದ್ರೆ ಅದರ ಬೆಲೆನೇ ಬೇರೆ, ರಸ್ತೆ ಪಕ್ಕ ಸಪಾಟಾಗಿರೋ ಒಂದು ಎಕರೆ ಕಾಡಿನ ಬೆಲೆನೇ ಬೇರೆ, ಮರ ಎರಡರಲ್ಲೂ ಒಂದೇ ಇರಬಹುದು. ಹಾಗಾಗಿ ಕೆಳಗೆ ಒಂದೊಂದೇ ಆಯ್ಕೆ ನೋಡುವಾಗ ನಾನು ಹಿಡ್ಕೊಂಡಿರೋದು ಇಷ್ಟು. ಏಪ್ರಿಲ್ ಮೇ ತಿಂಗಳಲ್ಲಿ ನೀರು ಏನಾಗುತ್ತೆ, ಜುಲೈ ಮಳೆಯಲ್ಲಿ ಮಣ್ಣು ಏನಾಗುತ್ತೆ, ಮನಸ್ಸು ಬದಲಾದ್ರೆ ವಾಪಸ್ ಬರೋಕಾಗುತ್ತಾ, ನಷ್ಟ ಆದ್ರೆ ಅದು ಯಾರ ತಲೆ ಮೇಲೆ.

ಬೆಟ್ಟನ ಬೆಟ್ಟವಾಗೇ ಇಟ್ಕೊಳ್ಳೋದು

ಸಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದಿದೆ. ತೋಟಕ್ಕೆ ಮುಚ್ಚಿಗೆಗೆ ಸೊಪ್ಪು, ಕೊಟ್ಟಿಗೆಗೆ ದರಕು, ಒಲೆಗೆ ಸೌದೆ ಎಲ್ಲಾ ಅಲ್ಲಿಂದಲೇ. ಒಂದು ವಿಷ್ಯ ಮೊದ್ಲೇ ತಿಳ್ಕೊಳ್ಳಿ, ಅದು ಬಳಸೋ ಹಕ್ಕು, ನಿಮ್ಮ ಸ್ವಂತ ಆಸ್ತಿ ಅಲ್ಲ, ಅಲ್ಲಿ ಸಾಗುವಳಿ ಮಾಡೋಕೆ ಬರಲ್ಲ. ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಇವೂ ಸಾಗುವಳಿ ಜಮೀನಿನ ಜೊತೆ ಬಂದ ಇಂಥದೇ ಜಾಗಗಳು, ಆದ್ರೆ ಇವುಗಳ ಕತೆ ಬೇರೆ ಬೇರೆ, ಪಹಣಿ ನೋಡದೆ ಯಾವ ಪ್ಲಾನೂ ಮಾಡಬೇಡಿ.

ಬೆಟ್ಟ ಏನ್ ಕೊಡುತ್ತೆ ಅಂತ ನೀರಿನಿಂದ ಶುರು ಮಾಡೋಣ. ಮಲೆನಾಡಲ್ಲಿ 3000 ಮಿ.ಮೀ. ಮಳೆ ಬೀಳೋ ಜಾಗದಲ್ಲಿ ಒಂದು ಎಕರೆ ಮೇಲೆ ವರ್ಷಕ್ಕೆ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಲೀಟರ್ ನೀರು ಸುರಿಯುತ್ತೆ. ಆ ನೀರು ಮಣ್ಣಿಗೆ ಇಳಿಯುತ್ತಾ ಇಲ್ಲಾ ಕೆಂಪಗಾಗಿ ಹಳ್ಳಕ್ಕೆ ಓಡುತ್ತಾ ಅನ್ನೋದೇ ಎಲ್ಲಾ. ಉತ್ತರ ಕನ್ನಡದ ಸಣ್ಣ ಸಣ್ಣ ಹಳ್ಳಗಳ ಜಲಾನಯನದಲ್ಲಿ ವಿಜ್ಞಾನಿಗಳು ಅಳತೆ ಮಾಡಿ ನೋಡಿದಾರೆ, ಮಳೆ ನೀರು ಹೆಚ್ಚು ಹರಿದು ಹೋಗೋದು ಹಾಳಾದ ಕಾಡಿಂದ, ಕಮ್ಮಿ ಹೋಗೋದು ಸಹಜ ಕಾಡಿಂದ, ಪ್ಲಾಂಟೇಶನ್ ಮಧ್ಯದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್ಸಿ) ಟಿ.ವಿ. ರಾಮಚಂದ್ರ ಅವರ ತಂಡ ಶರಾವತಿ ಕಡೆ ಮಾಡಿದ ಅಧ್ಯಯನಗಳಲ್ಲಿ ಜಲಾನಯನದ ಶೇ. 60ಕ್ಕಿಂತ ಹೆಚ್ಚು ಭಾಗ ಸ್ಥಳೀಯ ಮರಗಳ ಕಾಡಿದ್ರೆ ಹಳ್ಳ ವರ್ಷವಿಡೀ ಹರಿಯುತ್ತೆ ಅಂತ ಕಂಡಿದೆ. ಹಿರಿಯರು ದಟ್ಟ ಹಸಿರು ಕಾಡನ್ನ ಕಾನು ಅಂತ ಕಡಿಯದೆ ಬಿಟ್ಟಿದ್ದು ಇದೇ ಕಾರಣಕ್ಕೆ, ಸೊರಬ ಸಾಗರ ಸಿದ್ದಾಪುರದ ಕಾನುಗಳಲ್ಲಿ ಕಾಳುಮೆಣಸೂ ಬರ್ತಿತ್ತು, ಕೆಳಗಿನ ಗದ್ದೆಗೆ ನೀರೂ ಬರ್ತಿತ್ತು. ಸಿದ್ದಾಪುರದ ಕತ್ತಲೆಕಾನಿಗೆ ಒಮ್ಮೆ ಹೋಗಿ ನೋಡಿ, ರಾಮಪತ್ರೆ ಜಾತಿ ಮರಗಳು ಬೇರನ್ನ ನೀರಿಂದ ಮೇಲೆತ್ತಿ ನಿಂತಿರ್ತವೆ, ಅಂಥ ಜಡ್ಡಿ (ಜೌಗು ಕಾಡು) ಈಗ ಎಲ್ಲೋ ಅಲ್ಲೊಂದು ಇಲ್ಲೊಂದು ಉಳಿದಿರೋದು.

ಆದ್ರೆ ಇಲ್ಲಿ ಸತ್ಯ ಹೇಳ್ಬೇಕು, ಇವತ್ತಿನ ಎಷ್ಟೋ ಬೆಟ್ಟ ಹಾಗಿಲ್ಲ. ವರ್ಷವರ್ಷ ಸವರಿ ಸವರಿ ಮರ ಎಲ್ಲಾ ಕಂಬದ ತರ ಆಗಿದೆ, ಒಂದೆಲೆ ಬಿಡದ ಹಾಗೆ ದರಕು ಗುಡಿಸ್ತಾರೆ, ಬೇಸಿಗೆಯಲ್ಲಿ ಬೆಂಕಿ ಬೀಳುತ್ತೆ, ನೆಲ ಜಂಬಿಟ್ಟಿಗೆ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಹೆಸರಿಗೆ ಬೆಟ್ಟ, ನೀರಿನ ವಿಷಯದಲ್ಲಿ ಬೋಳು ಗುಡ್ಡನೇ. ಹಾಗಾಗಿ ಸುಮ್ನೆ ಬಿಡೋದು ಅನ್ನೋ ಆಯ್ಕೆ ಮತ್ತು ನೋಡ್ಕೊಂಡು ಬಿಡೋದು ಅನ್ನೋ ಆಯ್ಕೆ ಎರಡನ್ನೂ ಬೇರೆ ಬೇರೆ ಅಂತಲೇ ಎಣಿಸಿ. ನೋಡ್ಕೊಳ್ಳೋಕೆ ದೊಡ್ಡ ಖರ್ಚಿಲ್ಲ. ಬೆಟ್ಟನ ಮೂರ್ನಾಲ್ಕು ಭಾಗ ಮಾಡಿ ಒಂದೊಂದು ವರ್ಷ ಒಂದೊಂದು ಭಾಗದ ಸೊಪ್ಪು ಮಾತ್ರ ಕಡಿಯೋದು, ಮರದ ತುದಿ ಕಡಿಯದೇ ಇರೋದು, ಮೇಲಿನ ಇಳಿಜಾರಿನ ದರಕನ್ನ ಪೂರ್ತಿ ಬಿಟ್ಟು ಕೆಳಗಿಂದ ಮಾತ್ರ ತರೋದು, ದನ ನುಗ್ಗೋ ಕಡೆ ಅಗಳ, ಫೆಬ್ರವರಿಯೊಳಗೆ ಬೆಂಕಿ ದಾರಿ. ಇಷ್ಟು ಮಾಡಿದ್ರೆ ಮತ್ತಿ, ಹೊನ್ನೆ, ಕೌಲು, ನೆಲ್ಲಿ ಬುಡದಿಂದ ತಾವೇ ಚಿಗುರ್ತವೆ, ಎಷ್ಟೋ ಕಡೆ ನೆಡೋದೇ ಬೇಡ. ಖಾಲಿ ಇರೋ ಕಡೆ ಮುರುಗಲು, ಉಪ್ಪಾಗೆ, ಹಲಸು, ಮಾವಿನ ಬೀಜ ಮಳೆ ಶುರುವಾಗ್ತಿದ್ದ ಹಾಗೆ ಊರಿ.

ಆದಾಯ? ನಿಜ ಹೇಳ್ಬೇಕಂದ್ರೆ ಕೈಗೆ ಬರೋ ದುಡ್ಡು ಕಮ್ಮಿ. ಉಪ್ಪಾಗೆ ಸಿಪ್ಪೆ, ಮುರುಗಲು, ಜೇನು, ಅಪ್ಪೆಮಿಡಿ ಮರ ಇದ್ರೆ ಮಿಡಿ, ಇವೆಲ್ಲಾ ಒಂದು ವರ್ಷ ಬರುತ್ತೆ ಒಂದು ವರ್ಷ ಇಲ್ಲ. ಆದ್ರೆ ಸೊಪ್ಪು ಗೊಬ್ಬರ ಹೊರಗಿಂದ ತಂದ್ರೆ ಎಷ್ಟಾಗ್ತಿತ್ತು, ಟ್ಯಾಂಕರ್ ನೀರಿಗೆ ಎಷ್ಟಾಗ್ತಿತ್ತು, ಇನ್ನೊಂದು ಬೋರ್ ಹೊಡ್ಸೋಕೆ ಎಷ್ಟಾಗ್ತಿತ್ತು ಅಂತ ಕೂಡಿ ನೋಡಿ, ತೋಟ ಇರೋ ಮನೆಗೆ ಬೆಟ್ಟ ಮೌನವಾಗಿ ಕಟ್ತಿರೋ ಬಿಲ್ ಅದು.

ಅಕೇಶಿಯಾ

ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಬಂದ ಮೇಲೆ ಬೋಳು ಗುಡ್ಡ ಹಸಿರಾಗಿದ್ದು ಇದರಿಂದಲೇ, ಅದನ್ನ ಅಲ್ಲಗಳೆಯೋಕಾಗಲ್ಲ. ಗಟ್ಟಿ ಜಂಬಿಟ್ಟಿಗೆ ನೆಲದಲ್ಲೂ ಬರುತ್ತೆ, ದನ ಬಾಯಿ ಹಾಕಲ್ಲ, ಸೌದೆ ಸಿಗುತ್ತೆ, ಎಂಟು ಹತ್ತು ವರ್ಷಕ್ಕೆ ಕಡಿದ್ರೆ ಒಂದು ಗಂಟು ದುಡ್ಡು ಬರುತ್ತೆ, ಕಾಯೋಕೆ ಯಾರೂ ಇಲ್ಲದ ಮನೆಗೆ ಇಷ್ಟು ಸುಲಭದ ಬೆಳೆ ಇನ್ನೊಂದಿಲ್ಲ.

ಕಳ್ಕೊಳ್ಳೋದು ಏನು ಅಂದ್ರೆ, ಎಲೆ ಬೇಗ ಕೊಳೆಯಲ್ಲ, ದಪ್ಪಗೆ ಹಾಸಿ ಬಿದ್ದಿರುತ್ತೆ, ಅದರ ಕೆಳಗೆ ಹುಲ್ಲು ಬರಲ್ಲ, ಬೇಸಿಗೆಯಲ್ಲಿ ಬೆಂಕಿಗೆ ಒಳ್ಳೆ ಮೇವು. ದನಕ್ಕೆ ಸೊಪ್ಪಾಗಲ್ಲ, ಹಕ್ಕಿಗೆ ಮಂಗಕ್ಕೆ ತಿನ್ನೋ ಹಣ್ಣಿಲ್ಲ. ಬ್ಯಾಣಕ್ಕೆ ಹಾಕಿದ್ರೆ ಕರಡ ಹುಲ್ಲು ಪೂರ್ತಿ ಹೋಗುತ್ತೆ. ಇನ್ನೊಂದು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ, ಕಡಿದ ವರ್ಷದ ಮಳೆಗಾಲ. ಒಂದೇ ಸಲ ಇಡೀ ಗುಡ್ಡ ಬೋಳಾಗುತ್ತೆ, ಲಾರಿ ದಾರಿಗೆ ಮಣ್ಣು ಅಗೆದಿರ್ತಾರೆ, ಆ ಮಳೆಗಾಲದಲ್ಲಿ ಹೋಗೋ ಮಣ್ಣು ಆಮೇಲಿನ ಎಂಟು ವರ್ಷದಲ್ಲಿ ವಾಪಸ್ ಬರಲ್ಲ. ಶಿವಮೊಗ್ಗ ಜಿಲ್ಲೆಯಲ್ಲಿ ಮೈಸೂರು ಪೇಪರ್ ಮಿಲ್ಸ್‌ಗೆ ಕೊಟ್ಟಿದ್ದ ಸಾವಿರಾರು ಹೆಕ್ಟೇರ್ ಜಾಗದ ಲೀಸನ್ನ 2020ರಲ್ಲಿ ಮತ್ತೆ ನಲವತ್ತು ವರ್ಷಕ್ಕೆ ಮುಂದುವರ್ಸಿದಾಗ ನಮ್ಮೂರಿಗೆ ಅಕೇಶಿಯಾ ಬೇಡ ಅಂತ ಜನ ಎದ್ದಿದ್ದು ಸುಮ್ನೆ ಅಲ್ಲ, ಆ ಹಳ್ಳಿಗಳವ್ರು ಎರಡು ಮೂರು ಕಟಾವು ಕಣ್ಣಾರೆ ನೋಡಿದೋರು. ನೀಲಗಿರಿ ನೆಡೋದನ್ನ ಸರ್ಕಾರ 2017ರಲ್ಲೇ ನಿಲ್ಲಿಸಿತ್ತು, ಅಲ್ಲೂ ನೀರಿನ ಮಾತೇ.

ನನ್ನ ಅಭಿಪ್ರಾಯ: ಏನೂ ಬರದ ಗಟ್ಟಿ ನೆಲ, ಸಪಾಟು, ಹತ್ರದಲ್ಲಿ ಒರತೆ ಇಲ್ಲ, ಸೌದೆಗೆ ಬೇರೆ ದಾರಿ ಇಲ್ಲ ಅಂದ್ರೆ ಒಂದು ತುಂಡಿಗೆ ಹಾಕಿ, ತಪ್ಪಿಲ್ಲ. ಕಡಿಯುವಾಗ ಪಟ್ಟಿ ಪಟ್ಟಿಯಾಗಿ ಮೂರು ವರ್ಷದಲ್ಲಿ ಕಡೀರಿ, ಮಧ್ಯದಲ್ಲಿ ಕಾಡುಜಾತಿ ಸಸಿ ಎದ್ದಿದ್ರೆ ಅದನ್ನ ಉಳಿಸ್ಕೊಳ್ಳಿ. ಇದ್ದ ಕಾಡು, ಇದ್ದ ಬೆಟ್ಟ, ಇದ್ದ ಬ್ಯಾಣ ತೆಗೆದು ಹಾಕೋದು ಮಾತ್ರ ಯಾವ ಲೆಕ್ಕದಲ್ಲೂ ಲಾಭ ಅಲ್ಲ.

ಗದ್ದೆ ತೆಗೆದು ಅಡಿಕೆ

ಇದೇ ಈಗ ಎಲ್ಲಕ್ಕಿಂತ ಜೋರಾಗಿ ನಡೀತಿರೋದು, ಮಲೆನಾಡಲ್ಲಿ ಮಾತ್ರ ಅಲ್ಲ, ಚನ್ನಗಿರಿ ಶಿಕಾರಿಪುರ ಕಡೆ ಬಯಲಲ್ಲೂ. ಯಾಕೆ ಮಾಡ್ತಾರೆ ಅಂತ ಅರ್ಥ ಆಗುತ್ತೆ, ಭತ್ತದಲ್ಲಿ ಕೂಲಿ ಕೊಟ್ಟು ಉಳಿಯೋದು ಏನೂ ಇಲ್ಲ, ಹಂದಿ ನವಿಲು ಮಂಗ ಬಿಟ್ಟಿದ್ದು ನಮಗೆ. ಗದ್ದೆ ಮಾಡ್ತಾ ಕೂತಿರೋ ಅಂತ ಯಾರಿಗೂ ಹೇಳೋ ಧೈರ್ಯ ನನಗಿಲ್ಲ. ಆದ್ರೆ ಏನು ಕೊಟ್ಟು ಏನು ತಗೊಳ್ತಿದೀವಿ ಅಂತ ನೋಡ್ಲೇಬೇಕು.

ಒಂದು ಎಕರೆ ಗದ್ದೆಯಲ್ಲಿ ಎರಡು ಇಂಚು ನೀರು ನಿಂತ್ರೆ ಎರಡು ಲಕ್ಷ ಲೀಟರ್. ಮಳೆಗಾಲದಲ್ಲಿ ಮೂರು ನಾಲ್ಕು ತಿಂಗಳು ಇದು ಇಂಗ್ತಾ, ತುಂಬ್ತಾ ಇರುತ್ತೆ, ಕೆಳಗಿನ ಬಾವಿಗಳು ಬೇಸಿಗೆವರೆಗೂ ಎಳ್ಕೊಳ್ಳೋದು ಅದನ್ನೇ. ಜೋರು ಮಳೆ ಬಂದಾಗ ಹಳ್ಳದ ನೀರು ಹರಡಿ ನಿಲ್ಲೋ ಜಾಗನೂ ಅದೇ. ಅಡಿಕೆ ಹಾಕ್ಬೇಕಂದ್ರೆ ನೀರು ನಿಲ್ಲಬಾರದು, ಹಾಗಾಗಿ ಬಸಿಗಾಲುವೆ ತೆಗೀತಾರೆ, ಇಂಗೋ ನೀರು ಹಳ್ಳಕ್ಕೆ ಹೋಗುತ್ತೆ. ಇತ್ತ ಬೇಸಿಗೆಯಲ್ಲಿ ತೋಟಕ್ಕೆ ನೀರು ಬೇಕು. ಎಕರೆಗೆ ಸುಮಾರು 550 ಮರ, ಡ್ರಿಪ್ ಹಾಕಿದ್ರೂ ಮರಕ್ಕೆ ದಿನಕ್ಕೆ 15ರಿಂದ 20 ಲೀಟರ್ ಅಂತ ಹಿಡಿದ್ರೆ ಎಂಟರಿಂದ ಹನ್ನೊಂದು ಸಾವಿರ ಲೀಟರ್ ದಿನಾ. ಅಂದ್ರೆ ನೀರು ಇಂಗಿಸ್ತಿದ್ದ ಜಾಗ ನೀರು ಎತ್ತೋ ಜಾಗ ಆಯ್ತು. ಒಬ್ಬರು ಮಾಡಿದ್ರೆ ಗೊತ್ತಾಗಲ್ಲ, ಇಡೀ ಬಯಲಿನೋರು ಮಾಡಿದ್ರೆ ಮಾರ್ಚಲ್ಲೇ ಬಾವಿ ತಳ ಕಾಣುತ್ತೆ, ಎಲ್ರೂ ಬೋರ್ ಹೊಡ್ಸೋಕೆ ಓಡ್ತಾರೆ, ಮೊದ್ಲು ಒಣಗೋದು ಬೋರ್ ಹೊಡ್ಸೋಕೆ ದುಡ್ಡಿಲ್ಲದೋರ ಬಾವಿ.

ಇದಲ್ಲದೆ ಬೆಳೆಯ ರಿಸ್ಕ್. ಹಳದಿ ಎಲೆ ರೋಗ ಶೃಂಗೇರಿ, ಸುಳ್ಯ ಕಡೆ ತೋಟ ತೋಟನೇ ತಿಂದಿದೆ, ಎಲೆ ಚುಕ್ಕಿ ರೋಗ ಈಗ ಹೊಸಾ ತಲೆನೋವು, ಕೊಳೆ ರೋಗಕ್ಕೆ ಮರ ಹತ್ತಿ ಬೋರ್ಡೋ ದ್ರಾವಣ ಹೊಡೆಯೋ ಕೊನೆಗೌಡರು ಸಿಗಲ್ಲ. ಇವತ್ತಿನ ರೇಟು ಐದಾರು ವರ್ಷ ಆದ್ಮೇಲೆ ಫಸಲು ಬರೋ ಹೊತ್ತಿಗೆ ಇರುತ್ತೆ ಅಂತ ಯಾರ ಹತ್ರನೂ ಗ್ಯಾರಂಟಿ ಇಲ್ಲ.

ಮಾಡೋದೇ ಆದ್ರೆ, ಇರೋ ಗದ್ದೆಯಲ್ಲಿ ಅತಿ ತಗ್ಗಿನ ಭಾಗ ಗದ್ದೆಯಾಗೇ ಇರ್ಲಿ, ಭತ್ತ ಆಗ್ದಿದ್ರೆ ಕೆರೆ ತರ ಆದ್ರೂ ಇರ್ಲಿ, ಉಳಿದಿದ್ದಕ್ಕೆ ಅಡಿಕೆ ಹಾಕಿ. ಬಸಿಗಾಲುವೆ ನೀರನ್ನ ನೇರ ಹಳ್ಳಕ್ಕೆ ಬಿಡದೆ ಅಲ್ಲಿಗೆ ತಿರುಗ್ಸಿ. ಅಡಿಕೆ ಒಂದೇ ಅಲ್ಲದೆ ಕಾಳುಮೆಣಸು, ಏಲಕ್ಕಿ, ಬಾಳೆ, ಜಾಯಿಕಾಯಿ ಇರೋ ಹಳೇ ಮಾದರಿ ತೋಟ, ಅದಕ್ಕೆ ಸೊಪ್ಪಿನ ಮುಚ್ಚಿಗೆ, ಮೇಲೆ ಬೆಟ್ಟ, ಈ ಜೋಡಿ ಇರೋವರೆಗೂ ಅಡಿಕೆ ಕೆಟ್ಟ ಆಯ್ಕೆ ಅಲ್ಲವೇ ಅಲ್ಲ. ಬೆಟ್ಟ ಇಲ್ಲದ ತೋಟಕ್ಕೂ ಬೆಟ್ಟ ಇರೋ ತೋಟಕ್ಕೂ ಇರೋ ವ್ಯತ್ಯಾಸ ಬೇಸಿಗೆಯಲ್ಲಿ ಪಂಪಿನ ಕರೆಂಟಲ್ಲಿ ಗೊತ್ತಾಗುತ್ತೆ.

ಕಾಫಿ ತೋಟದೋರಿಗೆ: ಕಾಡುಮರದ ನೆರಳಾ, ಸಿಲ್ವರಾ

ಕೊಡಗು, ಚಿಕ್ಕಮಗಳೂರು, ಸಕಲೇಶಪುರದೋರಿಗೆ ಕಾಡು ಬೇಕಾ ತೋಟ ಬೇಕಾ ಅನ್ನೋ ಪ್ರಶ್ನೆ ಇಲ್ಲ, ಎರಡೂ ಒಂದೇ ಜಾಗದಲ್ಲಿ ಇಟ್ಕೊಳ್ಳಬಹುದು. ಸಿಲ್ವರ್ ಓಕ್ ನೆಟ್ಟಗೆ ಬೇಗ ಬೆಳೆಯುತ್ತೆ, ಮೆಣಸಿನ ಬಳ್ಳಿ ಹಬ್ಬಿಸೋಕೆ ಸುಲಭ, ಕಡಿದು ಮಾರೋಕೆ ತಾಪತ್ರಯ ಕಮ್ಮಿ. ಕಾಡುಮರ ಕಡಿಯೋಕೆ ಹೋದ್ರೆ ಮರದ ಹಕ್ಕು ಸರ್ಕಾರದ್ದೋ ನಮ್ದೋ ಅನ್ನೋ ಗೋಳು, ಹಾಗಾಗಿ ನಿಯಮ ಮಾಡಿದ್ದು ಕಾಡುಮರ ಉಳಿಸೋಕೆ, ಆಗಿದ್ದು ಜನ ಕಾಡುಮರನೇ ಬೆಳೆಸೋದು ಬಿಟ್ರು. ಇದು ನನಗೆ ತುಂಬಾ ಬೇಜಾರಾಗೋ ವಿಷ್ಯ.

ರೊಬಸ್ಟಾ ಇರೋರು ಒಂದು ನೆನಪಿಟ್ಕೊಳ್ಳಿ, ಅದು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಲ್ಲ, ಬೇರೆ ಗಿಡದ ಪರಾಗ ಬೇಕು. ಹೂ ಬಿಡೋ ಆ ಕೆಲವೇ ದಿನದಲ್ಲಿ ಹೆಜ್ಜೇನು ತುಡುವೆ ಬಂದ್ರೆ ಕಾಯಿ ಕಟ್ಟೋದು ಚೆನ್ನಾಗಾಗುತ್ತೆ. ಹೆಜ್ಜೇನು ಗೂಡು ಕಟ್ಟೋದು ಎತ್ತರದ ಹಳೇ ಕಾಡುಮರದಲ್ಲಿ. ದೇವರಕಾಡು, ಸುತ್ತಲಿನ ಹಳೇ ಅತ್ತಿ, ಬಸರಿ ಮರಗಳು ಇರೋ ಊರಿನ ತೋಟಕ್ಕೆ ಸಿಗೋ ಆ ಸೇವೆಗೆ ಯಾರೂ ದುಡ್ಡು ಕೇಳಲ್ಲ. ಮೆಣಸಿಗೆ ಸಿಲ್ವರ್ ಇರ್ಲಿ, ಆದ್ರೆ ಇರೋ ಅತ್ತಿ, ಹಲಸು, ಬೀಟೆ, ನಂದಿ ತೆಗೀಬೇಡಿ.

ರಬ್ಬರಿನ ಬಗ್ಗೆ ಜಾಸ್ತಿ ಹೇಳೋಕಿಲ್ಲ. ದಕ್ಷಿಣ ಕನ್ನಡದಲ್ಲಿ ಇದೆ, ಹಾಲು ಬರೋಕೆ ಏಳು ವರ್ಷ, ಸಾಮಾನ್ಯವಾಗಿ ಗುಡ್ಡಕ್ಕೆ ಮೆಟ್ಟಿಲು ಕಡಿದು ಹಾಕೋದು, ರೇಟು ನಮ್ಮ ಕೈಲಿಲ್ಲ, ಒಳಗೆ ಬೇರೆ ಗಿಡಕ್ಕೆ ಜಾಗ ಕಮ್ಮಿ. ಇದ್ದ ತೋಟ ನಡೆಸೋದು ಬೇರೆ, ಇವತ್ತು ಇಳಿಜಾರಿನ ಕಾಡು ತೆಗೆದು ಹೊಸದಾಗಿ ಹಾಕೋದು ಬೇಡ.

ರೆಸಾರ್ಟ್, ಹೋಮ್‌ಸ್ಟೇ, ಲೇಔಟ್

2020ರಲ್ಲಿ ಭೂ ಸುಧಾರಣಾ ಕಾಯ್ದೆ ತಿದ್ದುಪಡಿ ಆದ್ಮೇಲೆ ಕೃಷಿಕರಲ್ಲದೋರೂ ಜಮೀನು ತಗೊಳ್ಳಬಹುದು, ಹಾಗಾಗಿ ಈ ಆಫರ್ ಈಗ ಎಲ್ಲಾ ಕಡೆ ಬರ್ತಿದೆ. ದುಡ್ಡಿನ ಲೆಕ್ಕದಲ್ಲಿ ಇದಕ್ಕೆ ಸಾಟಿಯಿಲ್ಲ, ಒಪ್ಕೊಳ್ತೀನಿ. ಹಳೇ ಮನೆನೇ ರಿಪೇರಿ ಮಾಡಿ ಮೂರು ರೂಮು ಬಾಡಿಗೆಗೆ ಕೊಡೋ ಹೋಮ್‌ಸ್ಟೇಗೂ, ಗುಡ್ಡ ಸಪಾಟು ಮಾಡಿ ಕಾಟೇಜ್ ಸಾಲು ಕಟ್ಟೋದಕ್ಕೂ ಅಜಗಜಾಂತರ ಇದೆ. ಮೊದಲನೇದು ಬೆಟ್ಟ ಕಾಡು ಇದ್ರೇನೇ ನಡೆಯೋದು, ಹಾಗಾಗಿ ಕಾಡಿನ ಬೆಲೆ ಏರುತ್ತೆ. ಎರಡನೇದಕ್ಕೆ ಜೆಸಿಬಿ ಬರುತ್ತೆ.

ಜೆಸಿಬಿ ವಿಷ್ಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಅಕೇಶಿಯಾ ಹಾಕಿದ್ರೆ ಕಡಿದು ಕಾಡು ಬೆಳೆಸಬಹುದು, ಅಡಿಕೆ ಹಾಕಿದ ಗದ್ದೆನ ಕಷ್ಟಪಟ್ಟು ಮತ್ತೆ ಗದ್ದೆ ಮಾಡಬಹುದು, ಆದ್ರೆ ಇಳಿಜಾರಿನ ಬುಡ ಕಡಿದ್ರೆ ಆ ಗುಡ್ಡನ ಮತ್ತೆ ಜೋಡ್ಸೋಕೆ ಯಾರಿಂದಲೂ ಆಗಲ್ಲ. 2018ರ ಆಗಸ್ಟಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದಾಗ ಮಳೆ ಜೊತೆಗೆ ಮನೆಗೆ ರಸ್ತೆಗೆ ತೋಟಕ್ಕೆ ಅಂತ ಇಳಿಜಾರು ಕಡಿದಿದ್ದೂ ಕಾರಣ ಅಂತ ಭೂವಿಜ್ಞಾನಿಗಳು ಹೇಳಿದ್ರು. 2021ರಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈಲಿ ಅಂಕೋಲಾದ ಶಿರೂರು. ಶಿರೂರಲ್ಲಿ ಹೆದ್ದಾರಿಗೆ ಅಂತ ಗುಡ್ಡ ಕಡಿದಿದ್ದು, ಜೀವ ಹೋಗಿದ್ದು ಅಲ್ಲಿ ಚಹಾದಂಗಡಿ ಇಟ್ಕೊಂಡಿದ್ದ ಮನೆಯೋರದ್ದು, ದಾರಿಯಲ್ಲಿ ಲಾರಿ ನಿಲ್ಲಿಸಿದ್ದೋರದ್ದು. ಜಾಗ ಬದಲಾಯಿಸಿದೋರು ಒಬ್ರು, ಅನುಭವಿಸೋರು ಇನ್ನೊಬ್ರು.

ಹಾಗಾದ್ರೆ ನಿಮಗೆ ಯಾವ್ದು

ತೋಟ ಇದೆ, ಮೇಲೆ ಬೆಟ್ಟ ಇದೆ ಅಂದ್ರೆ ಯೋಚ್ನೆನೇ ಬೇಡ, ಬೆಟ್ಟ ಸುಧಾರ್ಸಿ, ತೋಟ ಹೆಚ್ಚು ಮಾಡೋ ಬದ್ಲು ಇರೋದ್ರಲ್ಲೇ ಮೆಣಸು ಜಾಯಿಕಾಯಿ ಸೇರ್ಸಿ. ಬರೀ ಗದ್ದೆ ಇದೆ, ಆಳಿಲ್ಲ ಅಂದ್ರೆ ಅರ್ಧ ಅಡಿಕೆ, ತಗ್ಗಿನ ಭಾಗ ನೀರಿಗೆ. ಪಾಳು ಬಿದ್ದ ಗಟ್ಟಿ ಜಾಗ, ನೋಡ್ಕೊಳ್ಳೋಕೆ ಯಾರೂ ಇಲ್ಲ ಅಂದ್ರೆ ಬೇಲಿ ಹಾಕಿ ಬೆಂಕಿ ತಪ್ಸಿ ಐದು ವರ್ಷ ಬಿಟ್ಟು ನೋಡಿ, ಏನೂ ಏಳದ ತುಂಡಿಗೆ ಮಾತ್ರ ಅಕೇಶಿಯಾ. ಮಾರ್ಲೇಬೇಕಾದ ಕಷ್ಟ ಇದ್ರೆ ರಸ್ತೆ ಹತ್ರದ ಸಪಾಟು ತುಂಡು ಮಾರಿ, ಒರತೆ ಇರೋ ತುಂಡು ಕೊನೇವರೆಗೂ ಇಟ್ಕೊಳ್ಳಿ. ಕಾರ್ಬನ್ ಕ್ರೆಡಿಟ್ (ಮರ ಹಿಡಿದಿಡೋ ಇಂಗಾಲಕ್ಕೆ ಸಿಗೋ ದುಡ್ಡು) ಕೊಡ್ತೀವಿ ಅಂತ ಬರೋರಿದ್ರೆ ಅಗ್ರಿಮೆಂಟ್ ಎಷ್ಟು ವರ್ಷ, ಮಧ್ಯದಲ್ಲಿ ಮರ ಸತ್ರೆ ಯಾರ ಹೊಣೆ, ಸೊಪ್ಪು ಕಡಿಯೋಕೆ ಬಿಡ್ತಾರಾ ಅಂತ ಕೇಳಿ ಆಮೇಲೆ ಸಹಿ ಹಾಕಿ.

ನಿರ್ಧಾರಕ್ಕೆ ಮುಂಚೆ ಒಂದು ವರ್ಷ ಕಾಯೋಕಾದ್ರೆ ಬಾವಿ ಕಟ್ಟೆಗೆ ಬಣ್ಣದಲ್ಲಿ ಅಡಿ ಗುರುತು ಹಾಕಿ ಪ್ರತಿ ತಿಂಗಳು ನೀರು ಎಲ್ಲಿದೆ ಬರೆದಿಡಿ, ಮಳೆಗಾಲದಲ್ಲಿ ಹಳ್ಳದ ನೀರು ಎಷ್ಟು ಹೊತ್ತು ಕೆಂಪಗಿರುತ್ತೆ ನೋಡಿ, ಜಾಗದ ಮೇಲೂ ಕೆಳಗೂ ಯಾರ್ಯಾರದ್ದು ಇದೆ, ಅವ್ರು ಏನ್ ಮಾಡೋರಿದಾರೆ ಕೇಳಿ. ಇಳಿಜಾರು ಜಾಗದಲ್ಲಿ ನೆಲ ಬಿರುಕು ಬಿಟ್ಟಿದ್ರೆ, ಮರಗಳು ಒಂದೇ ಕಡೆ ವಾಲಿದ್ರೆ, ಹಿಂದೆ ಇಲ್ಲದ ಕಡೆ ಕೆಸರು ನೀರು ಉಕ್ತಾ ಇದ್ರೆ ಅಲ್ಲಿ ಇಂಗುಗುಂಡಿನೂ ತೆಗೀಬೇಡಿ, ಅಂಥ ಗುಡ್ಡಕ್ಕೆ ನೀರು ಇಳಿಸೋದೇ ಅಪಾಯ, ಪಂಚಾಯ್ತಿಗೂ ತಹಶೀಲ್ದಾರರಿಗೂ ಬರೆದುಕೊಟ್ಟು ಭೂವಿಜ್ಞಾನ ಇಲಾಖೆಯೋರನ್ನ ಕರ್ಸಿ ತೋರ್ಸಿ, ಕೆಳಗಿನ ಮನೆಯೋರಿಗೆ ಅವತ್ತೇ ಹೇಳಿ.